ಡಿಸ್ಕ್ ಸರದಿ ನಿರ್ವಹಣೆ

ಡಿಸ್ಕ್ ಸರದಿ ನಿರ್ವಹಣೆ ಎಂಬುದು ಗಣಕಯಂತ್ರದಲ್ಲಿ ಏಕಕಾಲಕ್ಕೆ ನಡೆಯುತ್ತಿರುವ ಅನೇಕ ತಂತ್ರಾಂಶಗಳು ಒಂದೇ ಡಿಸ್ಕ್‌ಗೆ ಸಲ್ಲಿಸುವ ಓದು ಮತ್ತು ಬರಹದ ಕೋರಿಕೆಗಳನ್ನು ಕಾರ್ಯಾಚರಣಾ ವ್ಯವಸ್ಥೆಯು ಒಂದು ಕ್ರಮಕ್ಕೆ ತಂದು ಪೂರೈಸುವ ವಿಧಾನವಾಗಿದೆ. ಡಿಸ್ಕ್ ಶೆಡ್ಯೂಲಿಂಗ್ ಎಂಬ ಹೆಸರಿನಿಂದಲೂ ಇದು ಪರಿಚಿತವಾಗಿದೆ. ಯಾವ ಕೋರಿಕೆಯನ್ನು ಮೊದಲು ಪೂರೈಸಬೇಕು, ಯಾವುದನ್ನು ಎಷ್ಟು ಹೊತ್ತು ಕಾಯಿಸಬಹುದು, ಎರಡು ತಂತ್ರಾಂಶಗಳು ಒಂದೇ ಕಡತವನ್ನು ತಿದ್ದಲು ಹೊರಟರೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಇವುಗಳಲ್ಲಿ ಮೊದಲಿನ ಎರಡು ಪ್ರಶ್ನೆಗಳು ವೇಗಕ್ಕೂ ನ್ಯಾಯಕ್ಕೂ ಸಂಬಂಧಿಸಿದವು. ಮೂರನೆಯದು ಮಾಹಿತಿಯ ಸತ್ಯತೆಗೆ ಸಂಬಂಧಿಸಿದ್ದು. ಪಠ್ಯಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವುದರಿಂದ ಇವುಗಳ ನಡುವಿನ ನಂಟು ವಿದ್ಯಾರ್ಥಿಗಳ ಗಮನಕ್ಕೆ ಬಾರದೆ ಹೋಗುವುದುಂಟು.

ಹಿನ್ನೆಲೆ

ಹಾರ್ಡ್ ಡಿಸ್ಕ್‌ನ ಒಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ಸದಾ ತಿರುಗುತ್ತಿರುತ್ತವೆ. ಪ್ರತಿ ತಟ್ಟೆಯ ಮೇಲೆ ಒಂದರೊಳಗೊಂದು ವೃತ್ತಾಕಾರದ ಪಥಗಳಿರುತ್ತವೆ. ತೋಳಿನ ತುದಿಯಲ್ಲಿರುವ ಓದು-ಬರಹದ ಶಿರವು ಬೇಕಾದ ಪಥದ ಮೇಲಕ್ಕೆ ಸರಿದು, ಬೇಕಾದ ಭಾಗವು ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯುತ್ತದೆ. ಹೀಗಾಗಿ ಒಂದು ಕೋರಿಕೆಗೆ ತಗಲುವ ಸಮಯದಲ್ಲಿ ಮೂರು ಅಂಶಗಳಿವೆ: ತೋಳು ಸರಿಯುವ ಸಮಯ, ತಟ್ಟೆ ತಿರುಗುವ ಸಮಯ ಮತ್ತು ಮಾಹಿತಿಯನ್ನು ವರ್ಗಾಯಿಸುವ ಸಮಯ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಆದ್ದರಿಂದ ಸರಾಸರಿ ಅರ್ಧ ಸುತ್ತಿನ ಕಾಯುವಿಕೆ 4.2 ಮಿಲಿಸೆಕೆಂಡು. ತೋಳಿನ ಚಲನೆಗೆ ಸರಾಸರಿ 9 ಮಿಲಿಸೆಕೆಂಡು ಎಂದು ಹಿಡಿದರೆ ಒಟ್ಟು 13 ಮಿಲಿಸೆಕೆಂಡಿಗಿಂತ ತುಸು ಹೆಚ್ಚಾಗುತ್ತದೆ.

ಇದು ಮನುಷ್ಯನ ಅಳತೆಯಲ್ಲಿ ಕಣ್ಣೆವೆಯಿಕ್ಕುವುದಕ್ಕಿಂತಲೂ ಕಡಿಮೆ ಕಾಲ. ಆದರೆ ಸೆಕೆಂಡಿಗೆ 300 ಕೋಟಿ ಬಡಿತಗಳುಳ್ಳ ಸಂಸ್ಕಾರಕಕ್ಕೆ ಇದು ಸುಮಾರು 4 ಕೋಟಿ ಬಡಿತಗಳಷ್ಟು ದೀರ್ಘವಾದ ಕಾಯುವಿಕೆ. ಡಿಸ್ಕ್‌ನ ಅಲ್ಲಲ್ಲಿ ಚದುರಿದ 4 ಕಿಲೋಬೈಟ್‌ನ ತುಣುಕುಗಳನ್ನು ಓದುತ್ತ ಹೋದರೆ ಸೆಕೆಂಡಿಗೆ 75ರಷ್ಟು ಕೋರಿಕೆಗಳು, ಅಂದರೆ 300 ಕಿಲೋಬೈಟ್‌ನಷ್ಟು ಮಾಹಿತಿ ಮಾತ್ರ ದೊರೆಯುತ್ತದೆ. ಅದೇ ಡಿಸ್ಕ್‌ನಲ್ಲಿ ಒಂದರ ಪಕ್ಕ ಒಂದಿರುವ ಮಾಹಿತಿಯನ್ನು ಸತತವಾಗಿ ಓದಿದರೆ ಸೆಕೆಂಡಿಗೆ 150 ಮೆಗಾಬೈಟ್ ದೊರೆಯಬಹುದು. ಅಂತರವು 500 ಪಟ್ಟು. ಸರದಿ ನಿರ್ವಹಣೆಯ ಪ್ರಾಮುಖ್ಯವೆಲ್ಲವೂ ಈ ಅಂತರದಲ್ಲಿಯೇ ಇದೆ. ಎರಡು ದೊಡ್ಡ ಕಡತಗಳನ್ನು ಒಟ್ಟಿಗೆ ನಕಲು ಮಾಡಲು ತೊಡಗಿದರೆ, ಒಂದಾದ ಮೇಲೊಂದು ಮಾಡುವುದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಇದರಿಂದಲೇ. ತೋಳು ಎರಡು ಸ್ಥಳಗಳ ನಡುವೆ ಓಡಾಡುವುದರಲ್ಲಿಯೇ ಸಮಯ ಕಳೆಯುತ್ತದೆ.

ಕೋರಿಕೆಯು ಸಾಗುವ ಮಾರ್ಗ

ಸಾಮಾನ್ಯ ತಂತ್ರಾಂಶವು ಡಿಸ್ಕ್ ಅನ್ನು ನೇರವಾಗಿ ಮುಟ್ಟುವಂತಿಲ್ಲ. ಅದು ತನ್ನ ಕೋರಿಕೆಯನ್ನು ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ ಒಪ್ಪಿಸುತ್ತದೆ. ಕೇಳಿದ ಮಾಹಿತಿಯು ಸ್ಮೃತಿಯಲ್ಲಿ ಈಗಾಗಲೇ ಇದ್ದರೆ ತಿರುಳು ಅಲ್ಲಿಂದಲೇ ತೆಗೆದುಕೊಡುತ್ತದೆ. ಹೀಗೆ ಇತ್ತೀಚೆಗೆ ಬಳಸಿದ ಮಾಹಿತಿಯನ್ನು ಕೂಡಿಡುವ ಸ್ಮೃತಿಭಾಗಕ್ಕೆ ಪುಟ ಕ್ಯಾಶ್ ಎಂದು ಹೆಸರು. ಒಂದೇ ಕಡತವನ್ನು ಹತ್ತು ತಂತ್ರಾಂಶಗಳು ಓದಿದರೂ ಡಿಸ್ಕ್‌ನ ತೋಳು ಒಮ್ಮೆ ಮಾತ್ರ ಚಲಿಸುವಂತೆ ಆಗುವುದು ಇದರಿಂದ. ಡಿಸ್ಕ್ ಹಂಚಿಕೆಯ ವಿಚಾರದಲ್ಲಿ ಸರದಿಯ ನಿಯಮಗಳೆಲ್ಲ ಸೇರಿ ಮಾಡುವ ಉಪಕಾರಕ್ಕಿಂತ ಈ ಕ್ಯಾಶ್ ಒಂದೇ ಮಾಡುವ ಉಪಕಾರವು ಅನೇಕ ವೇಳೆ ದೊಡ್ಡದು.

ಕ್ಯಾಶ್‌ನಲ್ಲಿ ಇಲ್ಲದ ಮಾಹಿತಿಯ ಕೋರಿಕೆಯು ಸರದಿ ಸಾಲಿಗೆ ಸೇರುತ್ತದೆ. ಆ ಪ್ರಕ್ರಿಯೆಯನ್ನು ತಿರುಳು ನಿದ್ರಾಸ್ಥಿತಿಗೆ ಕಳುಹಿಸಿ, ಸಂಸ್ಕಾರಕವನ್ನು ಬೇರೆ ಪ್ರಕ್ರಿಯೆಗೆ ಕೊಡುತ್ತದೆ. ಸಾಲಿನಲ್ಲಿರುವ ಅಕ್ಕಪಕ್ಕದ ಕೋರಿಕೆಗಳನ್ನು ಸರದಿ ನಿರ್ವಾಹಕವು ಒಂದುಗೂಡಿಸಿ, ವಿಂಗಡಿಸಿ ಡಿಸ್ಕ್‌ಗೆ ರವಾನಿಸುತ್ತದೆ. ಕೆಲಸ ಮುಗಿದೊಡನೆ ಡಿಸ್ಕ್ ಒಂದು ಸಂಕೇತ ಕಳುಹಿಸುತ್ತದೆ, ನಿದ್ರೆಯಲ್ಲಿದ್ದ ಪ್ರಕ್ರಿಯೆ ಎಚ್ಚರಗೊಳ್ಳುತ್ತದೆ.

ಬರಹದ ಕೋರಿಕೆಗಳ ರೀತಿ ಬೇರೆ. ತಂತ್ರಾಂಶವು ಬರೆದದ್ದು ಮೊದಲು ಸ್ಮೃತಿಗೆ ಮಾತ್ರ ಹೋಗುತ್ತದೆ. ಡಿಸ್ಕ್‌ಗೆ ಇಳಿಯುವುದು ಆಮೇಲೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡು ಹಳೆಯದಾದ ಬರಹವು ಡಿಸ್ಕ್‌ಗೆ ಇಳಿಯಲು ಅರ್ಹವಾಗುತ್ತದೆ. ಇದರಿಂದ ಅನೇಕ ಸಣ್ಣ ಬರಹಗಳನ್ನು ಸೇರಿಸಿ ಒಮ್ಮೆಗೇ ಬರೆಯಲು ಅನುಕೂಲವಾಗುತ್ತದೆ. ಆದರೆ ಅಷ್ಟರಲ್ಲಿ ವಿದ್ಯುತ್ ಕಡಿತವಾದರೆ, ಬಳಕೆದಾರನು ಉಳಿಸಿದ್ದೇನೆಂದು ತಿಳಿದಿದ್ದ ಬರಹವು ಡಿಸ್ಕ್‌ನಲ್ಲಿ ಇರುವುದೇ ಇಲ್ಲ. ಹೊತ್ತುಗೊತ್ತಿಲ್ಲದೆ ವಿದ್ಯುತ್ ಹೋಗುವ ಊರುಗಳಲ್ಲಿ ಇದು ಬರಿಯ ಸಿದ್ಧಾಂತದ ಮಾತಲ್ಲ. ಆದ್ದರಿಂದ ದತ್ತಸಂಚಯ ತಂತ್ರಾಂಶಗಳು ಮುಖ್ಯವಾದ ಪ್ರತಿ ಬರಹದ ನಂತರ, ಅದು ನಿಜವಾಗಿ ಡಿಸ್ಕ್ ತಲುಪುವವರೆಗೆ ಕಾಯುವ ವಿಶೇಷ ಆದೇಶವನ್ನು ಬಳಸುತ್ತವೆ. ಇದೇ ಕಾರಣಕ್ಕಾಗಿ ಕಡತ ವ್ಯವಸ್ಥೆಗಳು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಅನಂತರ ಸ್ವಸ್ಥಾನದಲ್ಲಿ ಬರೆಯುತ್ತವೆ. ವಿಂಡೋಸ್ ಎನ್‌ಟಿಯೊಂದಿಗೆ 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಮತ್ತು 2001ರಲ್ಲಿ ಲಿನಕ್ಸ್ ತಿರುಳಿಗೆ ಸೇರಿದ ಇಎಕ್ಸ್‌ಟಿ3 ಇದಕ್ಕೆ ನಿದರ್ಶನಗಳು.

ಸರದಿಯ ಮುಖ್ಯ ವಿಧಾನಗಳು

ಈ ವಿಧಾನಗಳನ್ನು ಒಂದು ಲೆಕ್ಕದ ಮೂಲಕ ತಿಳಿಯುವುದು ಸುಲಭ. 0ಯಿಂದ 199ರವರೆಗೆ ಪಥಗಳುಳ್ಳ ಒಂದು ಡಿಸ್ಕ್‌ನಲ್ಲಿ ಶಿರವು 55ನೇ ಪಥದಲ್ಲಿದೆ ಎಂದುಕೊಳ್ಳೋಣ. ಬೇರೆ ಬೇರೆ ತಂತ್ರಾಂಶಗಳಿಂದ 150, 48, 90, 10, 130, 70 ಎಂಬ ಪಥಗಳ ಕೋರಿಕೆಗಳು ಇದೇ ಕ್ರಮದಲ್ಲಿ ಬಂದಿವೆ.

ಮೊದಲು ಬಂದವರಿಗೆ ಮೊದಲ ಸೇವೆ ಎಂಬುದು ಅತ್ಯಂತ ಸರಳವಾದ ನಿಯಮ. ಬಂದ ಕ್ರಮದಲ್ಲಿಯೇ ಪೂರೈಸಿದರೆ ಶಿರವು 95, 102, 42, 80, 120 ಮತ್ತು 60 ಪಥಗಳಂತೆ ಒಟ್ಟು 499 ಪಥಗಳಷ್ಟು ಚಲಿಸುತ್ತದೆ. ಯಾರಿಗೂ ಅನ್ಯಾಯವಿಲ್ಲ, ಆದರೆ ಬಹಳಷ್ಟು ಓಡಾಟ ವ್ಯರ್ಥ.

ಸಮೀಪದವರಿಗೆ ಮೊದಲು ಎಂಬ ನಿಯಮದಲ್ಲಿ ಶಿರವು ಸದಾ ತನಗೆ ಹತ್ತಿರದ ಕೋರಿಕೆಯನ್ನು ಆರಿಸಿಕೊಳ್ಳುತ್ತದೆ. 48, 70, 90, 130, 150, 10 ಎಂಬ ಕ್ರಮದಲ್ಲಿ ಒಟ್ಟು ಚಲನೆ 249 ಪಥಗಳು, ಅಂದರೆ ಮೊದಲಿನದರ ಅರ್ಧದಷ್ಟು. ಆದರೆ ಇದರ ದೋಷವು ಗಂಭೀರವಾದದ್ದು. ಶಿರದ ಸಮೀಪದಲ್ಲಿಯೇ ಹೊಸ ಕೋರಿಕೆಗಳು ಬರುತ್ತಿದ್ದರೆ ದೂರದ ಕೋರಿಕೆಯು ಎಂದೆಂದಿಗೂ ಕಾಯುತ್ತಲೇ ಉಳಿಯಬಹುದು. ಇದಕ್ಕೆ ಹಸಿವು ಎಂದೇ ಶಾಸ್ತ್ರೀಯ ಹೆಸರು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ಆಸುಪಾಸಿನ ಅರಭಾವಿ, ಗೋಕಾಕ, ಮೂಡಲಗಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ತಲೆಯ ಭಾಗದ ಹೊಲಗಳು ತಮಗೆ ಬೇಕಾದಷ್ಟು ನೀರು ತಿರುಗಿಸಿಕೊಳ್ಳುತ್ತಿದ್ದರೆ ಕೊನೆಯ ಭಾಗದ ರೈತನಿಗೆ ನೀರು ತಲುಪುವುದಿಲ್ಲ. ಒಟ್ಟು ನೀರು ವ್ಯರ್ಥವಾಗಲಿಲ್ಲವೆಂಬ ಲೆಕ್ಕವು ಅವನ ಬೆಳೆಯನ್ನು ಉಳಿಸುವುದಿಲ್ಲ. ನೀರಾವರಿಯಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ವಾರಾಬಂದಿ, ಅಂದರೆ ಪ್ರತಿಯೊಬ್ಬನಿಗೂ ದಿನ ಮತ್ತು ಗಳಿಗೆಯನ್ನು ಗೊತ್ತುಮಾಡುವುದು. ಡಿಸ್ಕ್‌ಗಳಿಗೂ ಇಂಥ ಉಪಾಯವೇ ಬೇಕಾಯಿತು.

ಲಿಫ್ಟ್ ವಿಧಾನವು ಅಂಥ ಒಂದು ಉಪಾಯ. ಸ್ಕ್ಯಾನ್ ಎಂಬುದು ಇದರ ಶಾಸ್ತ್ರೀಯ ಹೆಸರು. ಶಿರವು ಒಂದು ದಿಕ್ಕಿನಲ್ಲಿ ಹೊರಟರೆ ದಾರಿಯಲ್ಲಿ ಸಿಗುವ ಕೋರಿಕೆಗಳನ್ನೆಲ್ಲ ಪೂರೈಸುತ್ತ ತುದಿಯವರೆಗೆ ಹೋಗಿ ಹಿಂದಿರುಗುತ್ತದೆ. ಮೇಲಿನ ಲೆಕ್ಕದಲ್ಲಿ 199ರ ಕಡೆಗೆ ಹೊರಟರೆ ಒಟ್ಟು 333 ಪಥಗಳು. ಕೊನೆಯ ಪಥದಲ್ಲಿ ಯಾರೂ ಕಾಯುತ್ತಿಲ್ಲದಿದ್ದರೂ ಅಲ್ಲಿಯವರೆಗೆ ಹೋಗುವುದು ಅನಾವಶ್ಯಕ. ಆದ್ದರಿಂದ ಕೊನೆಯ ಕೋರಿಕೆಯಲ್ಲಿಯೇ ಹಿಂದಿರುಗುವ ಲುಕ್ ಎಂಬ ಮಾರ್ಪಾಡು ಬಳಕೆಯಲ್ಲಿದೆ. ಅದರಲ್ಲಿ 150ರವರೆಗೆ ಹೋಗಿ 10ಕ್ಕೆ ಬಂದರೆ 235 ಪಥಗಳಾಗುತ್ತವೆ. ಮೊದಲು ಕೆಳಮುಖವಾಗಿ 10ಕ್ಕೆ ಹೋಗಿ ಅನಂತರ 150ಕ್ಕೆ ಏರಿದ್ದರೆ 185 ಪಥಗಳಷ್ಟೇ ಸಾಕಾಗುತ್ತಿದ್ದವು. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಪ್ರತಿ ಹೆಜ್ಜೆಯಲ್ಲಿಯೂ ಅತಿ ಸಮೀಪದ್ದನ್ನೇ ಆರಿಸಿಕೊಂಡ ವಿಧಾನಕ್ಕೆ 249 ಪಥಗಳು ಬೇಕಾದವು, ಹಾಗೆ ಆರಿಸಿಕೊಳ್ಳದ ಲುಕ್ ಯಾವ ದಿಕ್ಕಿಗೆ ಹೊರಟರೂ ಅದಕ್ಕಿಂತ ಕಡಿಮೆಯಲ್ಲಿ ಮುಗಿಸಿತು. ಆಯಾ ಕ್ಷಣದ ಉಳಿತಾಯವು ಒಟ್ಟಿನ ಉಳಿತಾಯವೇ ಆಗಬೇಕೆಂದಿಲ್ಲ.

ಲಿಫ್ಟ್ ವಿಧಾನದಲ್ಲಿಯೂ ಒಂದು ಅಸಮತೆ ಉಳಿಯುತ್ತದೆ. ಮಧ್ಯದ ಪಥಗಳ ಮೇಲೆ ಶಿರವು ಸಮ ಅಂತರದಲ್ಲಿ ಹಾದುಹೋಗುತ್ತದೆ, ತುದಿಯ ಪಥಗಳಿಗೆ ಒಮ್ಮೆ ಬೆನ್ನುಬೆನ್ನಿಗೆ ಎರಡು ಸಲ ಸೇವೆ ದೊರೆತು ಮುಂದೆ ದೀರ್ಘಕಾಲ ದೊರೆಯುವುದಿಲ್ಲ. ಇದನ್ನು ಸರಿಪಡಿಸಲು ಒಂದೇ ದಿಕ್ಕಿನಲ್ಲಿ ಸೇವೆ ಮಾಡಿ, ಹಿಂದಿರುಗುವಾಗ ಏನನ್ನೂ ಮಾಡದೆ ಮೊದಲಿನ ಕೋರಿಕೆಗೆ ಜಿಗಿಯುವ ಚಕ್ರೀಯ ವಿಧಾನವನ್ನು ರೂಪಿಸಲಾಯಿತು. ಮೇಲಿನ ಲೆಕ್ಕದಲ್ಲಿ ಇದಕ್ಕೆ 273 ಪಥಗಳು ಬೇಕು. ಬಿಎಸ್‌ಡಿ ಯೂನಿಕ್ಸ್‌ನ ಡಿಸ್ಕ್‌ಸಾರ್ಟ್ ಎಂಬ ಭಾಗವು ಈ ಮಾದರಿಯದು.

ಪರೀಕ್ಷೆಗೆ ಓದುವವರು ನೆನಪಿಡಬೇಕಾದದ್ದು: ಇಂಥ ಲೆಕ್ಕಗಳು ತೋಳಿನ ಚಲನೆಯನ್ನು ಮಾತ್ರ ಎಣಿಸುತ್ತವೆ, ತಟ್ಟೆಯ ತಿರುಗುವಿಕೆಯನ್ನು ಎಣಿಸುವುದಿಲ್ಲ. ಇಂದಿನ ಡಿಸ್ಕ್‌ಗಳು ತಮ್ಮ ಒಳಗಿನ ನಿಜವಾದ ಪಥಗಳ ವಿವರವನ್ನು ಕಾರ್ಯಾಚರಣಾ ವ್ಯವಸ್ಥೆಗೆ ತಿಳಿಸುವುದೂ ಇಲ್ಲ. ಕ್ರಮಸಂಖ್ಯೆಗಳುಳ್ಳ ಭಾಗಗಳ ಒಂದು ಉದ್ದನೆಯ ಸಾಲೆಂದು ಮಾತ್ರ ತಮ್ಮನ್ನು ತೋರಿಸಿಕೊಳ್ಳುತ್ತವೆ. ಸಾಟಾ ಡಿಸ್ಕ್‌ಗಳು 32 ಕೋರಿಕೆಗಳವರೆಗೆ ತಮ್ಮಲ್ಲಿಯೇ ಇಟ್ಟುಕೊಂಡು, ತಿರುಗುವಿಕೆಯನ್ನೂ ಗಣಿಸಿ ತಾವೇ ಮರುಕ್ರಮಗೊಳಿಸಬಲ್ಲವು.

ಇತಿಹಾಸ

ತಿರುಗುವ ತಟ್ಟೆಗಳ ಮೊದಲ ವಾಣಿಜ್ಯ ಡಿಸ್ಕ್ ಅನ್ನು ಐಬಿಎಂ ಸಂಸ್ಥೆಯು 1956ರಲ್ಲಿ ರಾಮ್ಯಾಕ್ ಎಂಬ ಯಂತ್ರದೊಂದಿಗೆ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಅದರ ತೋಳು ತಟ್ಟೆಯಿಂದ ತಟ್ಟೆಗೆ ಮೇಲೆ ಕೆಳಗೆ ಸಾಗಬೇಕಾಗಿದ್ದುದರಿಂದ ಮಾಹಿತಿ ಸಿಗಲು ಸರಾಸರಿ 600 ಮಿಲಿಸೆಕೆಂಡಿನಷ್ಟು ಹಿಡಿಯುತ್ತಿತ್ತು. ಒಂದು ಯಂತ್ರದಲ್ಲಿ ಒಮ್ಮೆಗೆ ಒಂದೇ ತಂತ್ರಾಂಶ ನಡೆಯುತ್ತಿದ್ದ ಕಾಲದಲ್ಲಿ ಸರದಿಯ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. 1960ರ ದಶಕದಲ್ಲಿ ಅನೇಕ ಬಳಕೆದಾರರು ಒಂದೇ ಯಂತ್ರವನ್ನು ಹಂಚಿಕೊಳ್ಳಲು ತೊಡಗಿದಾಗ ಅದು ಮುನ್ನೆಲೆಗೆ ಬಂದಿತು. ಅಮೆರಿಕದ ಪೀಟರ್ ಡೆನ್ನಿಂಗ್ ಅವರು 1967ರಲ್ಲಿ ಸಮೀಪದವರಿಗೆ ಮೊದಲು ಎಂಬ ನಿಯಮವನ್ನೂ ಸ್ಕ್ಯಾನ್ ವಿಧಾನವನ್ನೂ ಗಣಿತದ ಮೂಲಕ ವಿಶ್ಲೇಷಿಸಿದರು. ಮರುವರ್ಷ ಅವರೇ, ಸ್ಮೃತಿ ಸಾಲದೆ ಪುಟಗಳನ್ನು ಡಿಸ್ಕ್‌ಗೆ ಹಾಕುವುದು ತೆಗೆಯುವುದರಲ್ಲಿಯೇ ಯಂತ್ರವು ಮುಳುಗಿಹೋಗುವ ಥ್ರ್ಯಾಷಿಂಗ್ ಸ್ಥಿತಿಯ ಕಾರಣಗಳನ್ನು ವಿವರಿಸಿದರು.

ಲಿನಕ್ಸ್‌ನಲ್ಲಿ ಈ ವಿಷಯದ ಇತಿಹಾಸ ಸ್ವಾರಸ್ಯಕರವಾಗಿದೆ. ಡೆನ್ಮಾರ್ಕಿನ ಜೆನ್ಸ್ ಆಕ್ಸ್‌ಬೋ ರೂಪಿಸಿದ ಡೆಡ್‌ಲೈನ್ ನಿರ್ವಾಹಕವು ಪ್ರತಿ ಕೋರಿಕೆಗೂ ಗಡುವು ಹಾಕಿತು: ಓದಿಗೆ 500 ಮಿಲಿಸೆಕೆಂಡು, ಬರಹಕ್ಕೆ 5 ಸೆಕೆಂಡು. ಓದಲು ಕೇಳಿದ ತಂತ್ರಾಂಶವು ಉತ್ತರ ಬರುವವರೆಗೆ ನಿಂತೇ ಇರುತ್ತದೆ, ಬರೆಯಲು ಕೊಟ್ಟ ತಂತ್ರಾಂಶವು ಮುಂದಿನ ಕೆಲಸಕ್ಕೆ ಹೋಗಿರುತ್ತದೆ. ಈ ತಾರತಮ್ಯಕ್ಕೆ ಅದೇ ಕಾರಣ.

2001ರಲ್ಲಿ ರೈಸ್ ವಿಶ್ವವಿದ್ಯಾಲಯದ ಸೀತಾರಾಮ್ ಅಯ್ಯರ್ ಮತ್ತು ಪೀಟರ್ ಡ್ರುಶೆಲ್ ಒಂದು ಅನಿರೀಕ್ಷಿತ ವಿಚಾರವನ್ನು ಮಂಡಿಸಿದರು. ಒಂದು ತಂತ್ರಾಂಶದ ಓದು ಮುಗಿದ ಕೂಡಲೇ ಡಿಸ್ಕ್ ದೂರದ ಕೋರಿಕೆಗೆ ಓಡದೆ ಕೆಲವೇ ಮಿಲಿಸೆಕೆಂಡು ಸುಮ್ಮನೆ ನಿಂತರೆ, ಅದೇ ತಂತ್ರಾಂಶವು ಪಕ್ಕದ ತುಣುಕನ್ನು ಕೇಳುವ ಸಂಭವವಿದೆ, ಆಗ ಒಟ್ಟು ಕೆಲಸ ಬೇಗ ಮುಗಿಯುತ್ತದೆ ಎಂಬುದು ಆ ವಿಚಾರ. ಸುಮ್ಮನೆ ನಿಲ್ಲುವುದರಿಂದ ವೇಗ ಹೆಚ್ಚುವುದೆಂಬ ಮಾತು ಮೊದಲ ನೋಟಕ್ಕೆ ವಿರೋಧಾಭಾಸದಂತಿದ್ದರೂ ಪ್ರಯೋಗದಲ್ಲಿ ಸರಿಯೆನಿಸಿತು. ಲಿನಕ್ಸ್ 2.6ರ ಆರಂಭದ ಆವೃತ್ತಿಗಳಲ್ಲಿ ಈ ನಿರೀಕ್ಷಣಾ ವಿಧಾನವೇ ಸಹಜ ಆಯ್ಕೆಯಾಗಿತ್ತು.

2006ರ 2.6.18 ಆವೃತ್ತಿಯಿಂದ ಸಿಎಫ್‌ಕ್ಯು ಅದರ ಸ್ಥಾನಕ್ಕೆ ಬಂದಿತು. ಇದು ಪ್ರತಿ ಪ್ರಕ್ರಿಯೆಗೂ ಪ್ರತ್ಯೇಕ ಸಾಲನ್ನು ಇಟ್ಟು, ಒಂದೊಂದಕ್ಕೂ ಡಿಸ್ಕ್‌ನ ಸಮಯದ ಪಾಲು ಕೊಡುತ್ತಿತ್ತು. ಮೇಲೆ ಹೇಳಿದ ವಾರಾಬಂದಿಗೆ ಅತ್ಯಂತ ಹತ್ತಿರದ ವಿಧಾನ ಇದೇ. 2017ರ 4.12 ಆವೃತ್ತಿಯಲ್ಲಿ ಬಿಎಫ್‌ಕ್ಯು ಮತ್ತು ಕೈಬರ್ ಎಂಬ ಹೊಸ ನಿರ್ವಾಹಕಗಳು ಸೇರಿದವು. 2019ರ 5.0 ಆವೃತ್ತಿಯಲ್ಲಿ ಹಳೆಯ ಏಕಸಾಲಿನ ವ್ಯವಸ್ಥೆಯೊಂದಿಗೆ ಸಿಎಫ್‌ಕ್ಯು ಕೂಡ ಹೊರಹೋಯಿತು.

ಒಂದೇ ಕಡತ, ಇಬ್ಬರು ಬರೆಯುವವರು

ಸರದಿಯು ಎಷ್ಟೇ ಚೆನ್ನಾಗಿದ್ದರೂ ಅದು ಕೋರಿಕೆಗಳ ಅರ್ಥವನ್ನು ಅರಿಯದು. ತಾಲ್ಲೂಕು ಕಚೇರಿಯೊಂದರಲ್ಲಿ ಇಬ್ಬರು ಸಿಬ್ಬಂದಿ ಒಂದೇ ಪಹಣಿಯನ್ನು ತಮ್ಮ ತಮ್ಮ ಗಣಕಯಂತ್ರದಲ್ಲಿ ತೆರೆದಿದ್ದಾರೆಂದು ಭಾವಿಸೋಣ. ಬೆಳಗಾವಿ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಒಬ್ಬರು ವಾರಸಾ ಹಕ್ಕಿನ ಪ್ರಕಾರ ಮಾಲೀಕರ ಹೆಸರನ್ನು ಬದಲಿಸಿ ಉಳಿಸುತ್ತಾರೆ. ಇನ್ನೊಬ್ಬರು ಹಳೆಯ ಪ್ರತಿಯಲ್ಲಿಯೇ ಬ್ಯಾಂಕಿನ ಸಾಲದ ಭಾರವನ್ನು ನಮೂದಿಸಿ ಒಂದು ನಿಮಿಷದ ನಂತರ ಉಳಿಸುತ್ತಾರೆ. ಎರಡನೆಯ ಬರಹವು ಮೊದಲನೆಯದನ್ನು ಅಳಿಸಿಹಾಕುತ್ತದೆ. ಡಿಸ್ಕ್ ಎರಡೂ ಕೋರಿಕೆಗಳನ್ನು ಕ್ರಮವಾಗಿ ಪೂರೈಸಿದೆ, ಯಾವ ದೋಷಸಂದೇಶವೂ ಬಂದಿಲ್ಲ. ಆದರೂ ವಾರಸುದಾರನ ಹೆಸರು ಕಾಣೆಯಾಗಿದೆ. ಇದಕ್ಕೆ ಕಳೆದುಹೋದ ತಿದ್ದುಪಡಿ ಎಂದು ಹೆಸರು.

ಇದನ್ನು ತಡೆಯುವ ಸಾಧನ ಬೀಗ. ಓದುವವರಿಗೆ ಹಂಚಿಕೆಯ ಬೀಗ, ಬರೆಯುವವರಿಗೆ ಏಕಾಧಿಕಾರದ ಬೀಗ ಎಂದು ಎರಡು ಬಗೆ. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಒಬ್ಬರು ಬರೆಯುವಾಗ ಮಿಕ್ಕವರು ಕಾಯಬೇಕು. ವಿಂಡೋಸ್‌ನಲ್ಲಿ ಕಡತವನ್ನು ಅಳಿಸಲು ಹೋದಾಗ ಅದು ಬೇರೊಂದು ತಂತ್ರಾಂಶದಲ್ಲಿ ತೆರೆದಿದೆ ಎಂಬ ಸಂದೇಶ ಬರುವುದು ಇಂಥ ಕಡ್ಡಾಯ ನಿರ್ಬಂಧದಿಂದ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಬೀಗವು ಸಾಮಾನ್ಯವಾಗಿ ಸಲಹಾರೂಪದ್ದು, ಅಂದರೆ ಬೀಗವನ್ನು ವಿಚಾರಿಸುವ ಶಿಸ್ತು ತಂತ್ರಾಂಶಗಳಿಗೇ ಇರಬೇಕು. ದತ್ತಸಂಚಯಗಳು ಇಡೀ ಕಡತಕ್ಕೆ ಬೀಗ ಹಾಕದೆ ಆಯಾ ದಾಖಲೆಗೆ ಮಾತ್ರ ಹಾಕುತ್ತವೆ, ಹಾಗಾಗಿ ಒಂದು ಹೊಲದ ದಾಖಲೆ ತಿದ್ದುವಾಗ ಊರಿನ ಉಳಿದ ಹೊಲಗಳ ಕೆಲಸ ನಿಲ್ಲುವುದಿಲ್ಲ. ಒಬ್ಬರು ಮೊದಲ ದಾಖಲೆಗೆ ಬೀಗ ಹಾಕಿ ಎರಡನೆಯದಕ್ಕಾಗಿ, ಇನ್ನೊಬ್ಬರು ಎರಡನೆಯದಕ್ಕೆ ಬೀಗ ಹಾಕಿ ಮೊದಲನೆಯದಕ್ಕಾಗಿ ಕಾಯತೊಡಗಿದರೆ ಇಬ್ಬರೂ ಮುಂದುವರಿಯಲಾರರು. ಈ ಬಿಕ್ಕಟ್ಟನ್ನು ದತ್ತಸಂಚಯವು ಗುರುತಿಸಿ, ಒಬ್ಬರ ವ್ಯವಹಾರವನ್ನು ರದ್ದುಪಡಿಸಿ ಬಿಡಿಸುತ್ತದೆ.

ಕರ್ನಾಟಕದ ಭೂಮಿ ಯೋಜನೆ

ಮೇಲಿನ ಉದಾಹರಣೆ ಕಾಲ್ಪನಿಕವಾದರೂ ಅದರ ಹಿನ್ನೆಲೆ ನಿಜವಾದದ್ದು. ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ 2000ದ ಆಸುಪಾಸಿನಲ್ಲಿ ಜಾರಿಗೆ ತಂದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕೀಕೃತವಾದವು. ಅದುವರೆಗೆ ಗ್ರಾಮ ಲೆಕ್ಕಿಗರ, ಅಂದರೆ ಈ ಭಾಗದ ಮಾತಿನಲ್ಲಿ ತಲಾಟಿಗಳ, ಕೈಬರಹದ ವಹಿಗಳಲ್ಲಿದ್ದ ದಾಖಲೆಗಳು ತಾಲ್ಲೂಕು ಕೇಂದ್ರದ ಗಣಕಯಂತ್ರಕ್ಕೆ ಬಂದವು. 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವ ವ್ಯವಸ್ಥೆ ಆರಂಭವಾಯಿತು. ದಾಖಲೆ ತಿದ್ದುವ ಸಿಬ್ಬಂದಿಯು ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು.

ಸರದಿಯ ದೃಷ್ಟಿಯಿಂದ ಈ ಯೋಜನೆಯಲ್ಲಿ ಗಮನಾರ್ಹವಾದದ್ದು ಖಾತೆ ಬದಲಾವಣೆಯ ಅರ್ಜಿಗಳ ನಿಯಮ. ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಬಿಗಿಗೊಳಿಸಿತ್ತು. ಡಿಸ್ಕ್‌ನ ಲೆಕ್ಕದಲ್ಲಿ ಅತ್ಯಂತ ನಿಧಾನವಾದದ್ದೆಂದು ಕಂಡ ಮೊದಲು ಬಂದವರಿಗೆ ಮೊದಲ ಸೇವೆಯ ನಿಯಮವನ್ನೇ ಇಲ್ಲಿ ಉದ್ದೇಶಪೂರ್ವಕವಾಗಿ ಆರಿಸಿಕೊಳ್ಳಲಾಯಿತು. ಕ್ರಮವನ್ನು ಬದಲಿಸುವ ಅಧಿಕಾರ ಇರುವಲ್ಲಿ ಅದಕ್ಕೆ ಬೆಲೆ ಕಟ್ಟುವವರೂ ಇರುತ್ತಾರೆ ಎಂಬುದೇ ಇದರ ಹಿಂದಿನ ವಿವೇಕ. ಡಿಸ್ಕ್‌ನ ಶಿರಕ್ಕೆ ಲಂಚದ ಆಸೆಯಿಲ್ಲವಾದ್ದರಿಂದ ಅದಕ್ಕೆ ಸ್ವಾತಂತ್ರ್ಯ ಕೊಡಬಹುದು, ಕಚೇರಿಯ ಮೇಜಿಗೆ ಅಷ್ಟು ಸ್ವಾತಂತ್ರ್ಯ ಕೊಡಲಾಗದು.

ಘನಸ್ಥಿತಿಯ ಸಂಗ್ರಹಗಳು

ಎಸ್‌ಎಸ್‌ಡಿ ಎಂದು ಕರೆಯಲಾಗುವ ಸಂಗ್ರಹಗಳಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಯಾವ ಸ್ಥಳದ ಮಾಹಿತಿಯಾದರೂ ಸುಮಾರು 0.1 ಮಿಲಿಸೆಕೆಂಡಿನಲ್ಲಿ ದೊರೆಯುತ್ತದೆ. ಆದ್ದರಿಂದ ಲಿಫ್ಟ್ ವಿಧಾನಕ್ಕೆ ಇಲ್ಲಿ ಅರ್ಥವಿಲ್ಲ. 2011ರಲ್ಲಿ ಪ್ರಕಟವಾದ ಎನ್‌ವಿಎಂಇ ಮಾನಕವು ಒಂದು ಸಾಲಿನ ಬದಲು 65,000ಕ್ಕೂ ಹೆಚ್ಚು ಸಾಲುಗಳಿಗೆ ಅವಕಾಶ ಕೊಟ್ಟಿತು, ಹಾಗಾಗಿ ಸಂಸ್ಕಾರಕದ ಪ್ರತಿ ತಿರುಳಿಗೂ ತನ್ನದೇ ಸಾಲು ಇರಬಹುದು. 2014ರ ಲಿನಕ್ಸ್ 3.13 ಆವೃತ್ತಿಯಲ್ಲಿ ಇದಕ್ಕೆ ಹೊಂದುವ ಬಹುಸಾಲಿನ ವ್ಯವಸ್ಥೆ ಬಂದಿತು. ಇಂಥ ಸಂಗ್ರಹಗಳಿಗೆ ಅನೇಕ ವೇಳೆ ಸರದಿ ನಿರ್ವಾಹಕವನ್ನೇ ಬಳಸುವುದಿಲ್ಲ, ಏಕೆಂದರೆ ಕ್ರಮವನ್ನು ಲೆಕ್ಕಹಾಕುವ ಶ್ರಮವೇ ಕೋರಿಕೆ ಪೂರೈಸುವ ಶ್ರಮಕ್ಕೆ ಸಮೀಪಿಸುತ್ತದೆ. ಆದರೆ ನ್ಯಾಯದ ಪ್ರಶ್ನೆಯು ತೋಳಿನೊಂದಿಗೆ ಮರೆಯಾಗಲಿಲ್ಲ. ಒಂದೇ ಸರ್ವರ್ ಯಂತ್ರವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುವಲ್ಲಿ ಒಬ್ಬರ ಭಾರೀ ಬರಹವು ಇನ್ನೊಬ್ಬರ ಸಣ್ಣ ಓದನ್ನು ತಡೆಯದಂತೆ ಪಾಲುಗಳನ್ನೂ ಮಿತಿಗಳನ್ನೂ ನಿಗದಿಪಡಿಸಲಾಗುತ್ತದೆ.

ಆದ್ಯತೆ ಮತ್ತು ದೈನಂದಿನ ಬಳಕೆ

ತಂತ್ರಾಂಶಗಳಿಗೆ ಡಿಸ್ಕ್ ಬಳಕೆಯಲ್ಲಿ ಆದ್ಯತೆ ನೀಡುವ ವ್ಯವಸ್ಥೆ ವಿಂಡೋಸ್‌ನಲ್ಲಿ ವಿಸ್ಟಾ ಆವೃತ್ತಿಯಿಂದ ಇದೆ. ವೈರಸ್ ಶೋಧನೆ, ಹುಡುಕಾಟದ ಸೂಚಿ ತಯಾರಿಕೆ ಮೊದಲಾದ ಹಿನ್ನೆಲೆಯ ಕೆಲಸಗಳು ಕೆಳ ಆದ್ಯತೆಯಲ್ಲಿ ನಡೆಯಬಹುದು. ಲಿನಕ್ಸ್‌ನಲ್ಲಿ ಅಯೋನೈಸ್ ಎಂಬ ಆದೇಶದಿಂದ ಒಂದು ತಂತ್ರಾಂಶವನ್ನು ತುರ್ತು, ಸಾಮಾನ್ಯ ಅಥವಾ ಬಿಡುವಿನ ವರ್ಗಕ್ಕೆ ಸೇರಿಸಬಹುದು. ಆದರೆ ಈ ವರ್ಗಗಳನ್ನು ಎಲ್ಲ ನಿರ್ವಾಹಕಗಳೂ ಒಂದೇ ರೀತಿ ಗೌರವಿಸುವುದಿಲ್ಲ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡಾ ಎಂದು ತೋರಿದಾಗ ಅನೇಕರು ಡಿಸ್ಕ್ ತುಂಬಿದೆಯೆಂದು ತಿಳಿದು ಕಡತಗಳನ್ನು ಅಳಿಸುವುದುಂಟು. ಆ ಅಂಕಿಯು ಜಾಗಕ್ಕೆ ಸಂಬಂಧಿಸಿದ್ದಲ್ಲ. ಡಿಸ್ಕ್ ಎಷ್ಟು ಹೊತ್ತು ಕೋರಿಕೆಗಳಲ್ಲಿ ಮಗ್ನವಾಗಿತ್ತು ಎಂಬುದನ್ನು ಅದು ಸೂಚಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಚದುರಿದ ಸಣ್ಣ ಕೋರಿಕೆಗಳಿದ್ದರೆ ಸೆಕೆಂಡಿಗೆ ಒಂದು ಮೆಗಾಬೈಟ್ ಕೂಡ ಸಾಗದಿರುವಾಗಲೂ ಅದು 100 ತೋರಿಸಬಹುದು. ಅಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ಸ್ಮೃತಿ ಸಾಕಷ್ಟಿದೆಯೇ ಎಂಬುದನ್ನು. ಸ್ಮೃತಿ ಸಾಲದೆ ಪುಟಗಳು ಡಿಸ್ಕ್‌ಗೆ ಹೋಗಿ ಬರುತ್ತಿದ್ದರೆ ಯಾವ ಸರದಿ ನಿಯಮವೂ ಯಂತ್ರವನ್ನು ಚುರುಕುಗೊಳಿಸಲಾರದು. ಸ್ಮೃತಿ ಸಾಕಷ್ಟಿದ್ದರೆ, ಏಕಕಾಲಕ್ಕೆ ನಡೆಯುತ್ತಿರುವ ವೈರಸ್ ಶೋಧನೆ, ನವೀಕರಣ, ದೊಡ್ಡ ನಕಲುಗಳಲ್ಲಿ ಒಂದನ್ನು ಮುಗಿಯಗೊಟ್ಟು ಇನ್ನೊಂದನ್ನು ಆರಂಭಿಸಿದರೆ ಎರಡೂ ಬೇಗ ಮುಗಿಯುತ್ತವೆ.